ಕೌದಿಗೆ ಬಟ್ಟೆ ಎಷ್ಟು ಕೂಡಿಟ್ಟರೆ ಸಾಕು?

ಪ್ರಶ್ನೆ: ನನಗೆ 61 ವರ್ಷ, ಸಾಗರದಲ್ಲಿದ್ದೇನೆ. ಮೂರು ವರ್ಷದ ಹಿಂದೆ ನಿವೃತ್ತಿಯಾದ ಮೇಲೆ ತುಂಡು ಬಟ್ಟೆ ಜೋಡಿಸಿ ಕೌದಿ, ಕ್ವಿಲ್ಟ್ ಹೊಲಿಯುವುದನ್ನು ಕಲಿತೆ. ಇದುವರೆಗೆ ಸಿಂಗಲ್ ಮಂಚದ ಎರಡು ಕ್ವಿಲ್ಟ್ ಮುಗಿಸಿದ್ದೇನೆ. ಬಟ್ಟೆ ಮಾತ್ರ ಕಪಾಟು ತುಂಬಿದೆ. ಹೊಸ ಹತ್ತಿ ಬಟ್ಟೆಯೇ ಅಂದಾಜು 85 ಮೀಟರ್ ಇರಬಹುದು. ಜೊತೆಗೆ ಅಮ್ಮನ ಹಳೆಯ ಕಾಟನ್ ಸೀರೆ 14 ಇವೆ. ಇಷ್ಟಿದ್ದರೂ ಹೊಲಿಯಲು ಕೂತಾಗ ಬೇಕಾದ ಬಟ್ಟೆ ಸಿಗುವುದಿಲ್ಲ, ಮತ್ತೆ ಅಂಗಡಿಗೆ ಹೋಗುತ್ತೇನೆ. ಪ್ರತಿ ಬಣ್ಣದಲ್ಲೂ ಒಂದೊಂದು ಗಜ ಇರಲೇಬೇಕು ಎಂದು ಒಂದು ವಿಡಿಯೋದಲ್ಲಿ ನೋಡಿದೆ. ಒಳ್ಳೆಯ ಪ್ರಿಂಟ್ ಬಿಟ್ಟರೆ ಮತ್ತೆ ಸಿಗುವುದಿಲ್ಲ ಎಂಬ ಹೆದರಿಕೆಯೂ ಇದೆ. ಮೊನ್ನೆ ಸೊಸೆ, "ಅತ್ತೆ, ಇದನ್ನೆಲ್ಲ ಯಾವಾಗ ಹೊಲೀತೀರಿ?" ಎಂದಳು. ಪ್ರೀತಿಯಿಂದಲೇ ಕೇಳಿದ್ದು, ಆದರೂ ಮನಸ್ಸಿಗೆ ನಾಟಿತು. ನಾಲ್ಕು ವರ್ಷದ ಮೊಮ್ಮಗಳಿಗೆ, ಐದು ತಿಂಗಳ ಮೊಮ್ಮಗನಿಗೆ ಒಂದೊಂದು, ಬೆಂಗಳೂರಿನ ಮಗಳಿಗೆ ಡಬಲ್ ಮಂಚದ್ದು ಒಂದು ಹೊಲಿಯುವ ಆಸೆ ಇದೆ. ಇನ್ನೆಷ್ಟು ಬಟ್ಟೆ ಕೊಳ್ಳಲಿ? ಮಳೆಗಾಲದಲ್ಲಿ ಮುಗ್ಗಲು ವಾಸನೆ ಬರುತ್ತದೆ, ಇಟ್ಟ ಬಟ್ಟೆ ಹಾಳಾಗುತ್ತದೆಯೇ? ಅಮ್ಮನ ಸೀರೆಗೆ ಕತ್ತರಿ ಹಾಕಲು ಕೈ ಬರುತ್ತಿಲ್ಲ, ಏನು ಮಾಡಲಿ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನೀವು ಬರೆದ ಮೂರು ಕೆಲಸಕ್ಕೆ ಹೊಸದಾಗಿ ಕೊಳ್ಳಬೇಕಾದದ್ದು ಹೆಚ್ಚೆಂದರೆ 4 ಮೀಟರ್. ಅದೂ ಒಂದೇ ಬಣ್ಣದ, ಒಂದೇ ಥಾನಿನಿಂದ ಕತ್ತರಿಸಿದ ಬಟ್ಟೆ. ಉಳಿದದ್ದೆಲ್ಲ ನಿಮ್ಮ ಕಪಾಟಿನಲ್ಲೇ ಇದೆ. ಇದನ್ನು ಲೆಕ್ಕದ ಸಮೇತ ಬರೆಯುತ್ತೇನೆ. ಯಾಕೆಂದರೆ "ಸಾಕು, ಇನ್ನು ಕೊಳ್ಳಬೇಡಿ" ಅನ್ನುವವರು ಎಲ್ಲರ ಮನೆಯಲ್ಲೂ ಇರುತ್ತಾರೆ. ಎಷ್ಟು ಸಾಕು, ಯಾಕೆ ಸಾಕು ಅಂತ ಕೂತು ಹೇಳುವವರು ಕಡಿಮೆ.

ಧಾರವಾಡದಲ್ಲಿ 22 ವರ್ಷದಿಂದ ಕೌದಿ ಮತ್ತು ಕ್ವಿಲ್ಟ್ ಹೊಲಿಗೆ ಕಲಿಸುತ್ತಿದ್ದೇನೆ. ನಿಮ್ಮಂಥ ಪತ್ರ ವರ್ಷಕ್ಕೆ ಹತ್ತಾದರೂ ಬರುತ್ತದೆ. ಎಲ್ಲದರಲ್ಲೂ ಒಂದು ಮಾತು ಇದ್ದೇ ಇರುತ್ತದೆ: ಕಪಾಟು ತುಂಬಿದೆ, ಆದರೂ ಬೇಕಾದ ಬಟ್ಟೆ ಇಲ್ಲ. ಇದು ದುರಾಸೆ ಅಲ್ಲ. ಇದಕ್ಕೆ ಸರಿಯಾದ ಕಾರಣ ಇದೆ, ಮುಂದೆ ಹೇಳುತ್ತೇನೆ.

ಮೊದಲು ಆ "ಪ್ರತಿ ಬಣ್ಣಕ್ಕೂ ಒಂದು ಗಜ" ಎಂಬ ಮಾತು. ಅದು ಅಮೆರಿಕದ ಕ್ವಿಲ್ಟ್ ಅಂಗಡಿಗಳ ಲೆಕ್ಕ. ಅಲ್ಲಿ ಕ್ವಿಲ್ಟಿಗೆಂದೇ ಬಟ್ಟೆ ಬೇರೆ ಬರುತ್ತದೆ. ಒಂದು ಡಿಸೈನ್ ಕೆಲವು ತಿಂಗಳು ಇರುತ್ತದೆ, ಆಮೇಲೆ ನಿಂತುಹೋಗುತ್ತದೆ. 18 ಇಂಚಿಗೆ 22 ಇಂಚಿನ ತುಂಡು ಮಾಡಿ, ಅದಕ್ಕೆ ಫ್ಯಾಟ್ ಕ್ವಾರ್ಟರ್ ಅಂತ ಹೆಸರಿಟ್ಟು, ಕಟ್ಟು ಕಟ್ಟಿ ಮಾರುತ್ತಾರೆ. ಕೂಡಿಡುವ ಅಭ್ಯಾಸ ಅಲ್ಲಿಂದ ಬಂತು. ಆದರೆ ಆ ದೇಶದಲ್ಲೂ ಎಲ್ಲರೂ ಹಾಗೆ ಹೊಲಿದವರಲ್ಲ. ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಣ್ಣುಮಕ್ಕಳು ಹೊಲದ ಕೆಲಸಕ್ಕೆ ಉಟ್ಟು ಹಳೆಯದಾದ ಬಟ್ಟೆಯಲ್ಲೇ ಕ್ವಿಲ್ಟ್ ಹೊಲಿದರು. 2002ರಲ್ಲಿ ಹ್ಯೂಸ್ಟನ್ ನಗರದ ಕಲಾ ಮ್ಯೂಸಿಯಂನಲ್ಲಿ ಆ ಕ್ವಿಲ್ಟ್‌ಗಳ ಪ್ರದರ್ಶನ ಆಯಿತು. ಅವು ಈಗ ಜಗತ್ತಿಗೇ ಗೊತ್ತು.

ನಮ್ಮ ಕೌದಿಯೂ ಹಾಗೇ ಅಲ್ವಾ? ಹಳೆಯ ಸೀರೆ, ಧೋತರ, ಅಂಗಿ, ಮಕ್ಕಳ ಲಂಗ, ಹೀಗೆ ಮನೆಯಲ್ಲಿ ಹಳೆಯದಾದದ್ದೇ ಕೌದಿಯ ಬಂಡವಾಳ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವುದನ್ನು ಅವಕಾಶ ಸಿಕ್ಕರೆ ಕೂತು ನೋಡಿ. ಅಳತೆ ಪಟ್ಟಿ ಇರುವುದಿಲ್ಲ. ಕೆಳಗೆ ಒಂದು ಇಡೀ ಬಟ್ಟೆ ಹಾಸುತ್ತಾರೆ. ಒಂದು ಮೂಲೆಯಿಂದ ಶುರು ಮಾಡಿ, ಕೈಗೆ ಸಿಕ್ಕ ತುಂಡಿನ ಅಂಚನ್ನು ಬೆರಳಲ್ಲೇ ಮಡಚುತ್ತಾ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಕಡೆಗೆ ನಾಲ್ಕು ಮೂಲೆಗೂ ಮಡಚಿದ ತುಂಡಿನ "ಫೂಲ", ಅಂದರೆ ಹೂವು, ಇಡುತ್ತಾರೆ. ಅಲ್ಲಿ ಬಟ್ಟೆ ಎಷ್ಟಿದೆಯೋ ಕೌದಿ ಅಷ್ಟು. ಕೌದಿಗಾಗಿ ಬಟ್ಟೆ ಕೊಂಡು ತುಂಬಿಡುವ ಮಾತೇ ಇಲ್ಲ.

ಹಾಗಂತ ಹೊಸ ಬಟ್ಟೆ ಕೊಳ್ಳುವುದು ತಪ್ಪು ಅಂತ ನಾನು ಹೇಳುವುದಿಲ್ಲ. ನೀವು ಚೌಕ ಕತ್ತರಿಸಿ, ಲೆಕ್ಕ ಹಾಕಿ, ಮೂಲೆಗೆ ಮೂಲೆ ಕೂಡಿಸಿ ಹೊಲಿಯುವವರು. ಅದಕ್ಕೆ ಅಳತೆ ಬೇಕು. ಅಳತೆ ನಿಮ್ಮ ಕೈ ಹೊಲಿಯುವ ವೇಗದಿಂದ ಶುರುವಾಗಬೇಕು. ಕಪಾಟಿನಲ್ಲಿ ಎಷ್ಟು ಜಾಗ ಇದೆ ಅನ್ನುವುದರಿಂದ ಅಲ್ಲ.

ಸಿಂಗಲ್ ಮಂಚದ ಕ್ವಿಲ್ಟ್ ತೆಗೆದುಕೊಳ್ಳೋಣ. 60 ಇಂಚು ಅಗಲ, ಸುಮಾರು 90 ಇಂಚು ಉದ್ದ. ನಮ್ಮ ಅಂಗಡಿಗಳಲ್ಲಿ ಸಿಗುವ ಕೇಂಬ್ರಿಕ್ (ಒತ್ತು ನೇಯ್ಗೆಯ ತೆಳು ಹತ್ತಿ ಬಟ್ಟೆ), ಬ್ಲಾಕ್ ಪ್ರಿಂಟ್ ಬಟ್ಟೆಗಳ ಪನ್ನಾ, ಅಂದರೆ ಅಗಲ, ಸಾಮಾನ್ಯವಾಗಿ 44 ಇಂಚು. ಎರಡೂ ಬದಿಯ ದಡಿ ತೆಗೆದು, ಒಗೆದ ಮೇಲೆ ಕೈಗೆ ಸಿಗುವುದು 41, 42 ಇಂಚು. 4 ಇಂಚಿನ ಚೌಕ ಬೇಕೆಂದರೆ ನಾಲ್ಕೂ ಕಡೆ ಕಾಲು ಇಂಚು ಹೊಲಿಗೆಗೆ ಬಿಟ್ಟು, ನಾಲ್ಕೂವರೆ ಇಂಚಿಗೆ ಕತ್ತರಿಸುತ್ತೀರಿ. ಅರ್ಧ ಮೀಟರಿನಲ್ಲಿ ಅಂಥ 4 ಸಾಲು, ಸಾಲಿಗೆ 9 ಚೌಕ, ಒಟ್ಟು 36 ಚೌಕ ಬರುತ್ತವೆ. ಬಟ್ಟೆ ನೂರಕ್ಕೆ 5ರಷ್ಟು ಕುಗ್ಗಿದರೂ ಈ 36ಕ್ಕೆ ಮೋಸ ಇಲ್ಲ. 60ಕ್ಕೆ 88 ಇಂಚಿನ ಕ್ವಿಲ್ಟಿಗೆ 15 ಸಾಲಿಗೆ 22ರಂತೆ 330 ಚೌಕ ಬೇಕು. ಅಂದರೆ ಬೇರೆ ಬೇರೆ ಬಣ್ಣದ 10 ಅರ್ಧ ಮೀಟರ್, ಒಟ್ಟು 5 ಮೀಟರ್.

ಹಿಂಬದಿಗೆ ಎರಡು ಪನ್ನಾ ಕೂಡಿಸಬೇಕು. ಹೊಲಿಯುವಾಗ ಹಿಂಬದಿ ಸುತ್ತಲೂ ಮೂರು ಇಂಚು ಜಾಸ್ತಿ ಇರಬೇಕು, ಅದಕ್ಕೂ ಸುಮಾರು 5 ಮೀಟರ್ ಹೋಗುತ್ತದೆ. ಸುತ್ತಿನ ಪಟ್ಟಿಗೆ ಅರ್ಧ ಮೀಟರ್. ಒಟ್ಟು ಹತ್ತೂವರೆ ಮೀಟರ್ ಆಯಿತು.

ನೀವು ಮೂರು ವರ್ಷದಲ್ಲಿ ಇಂಥವು ಎರಡು ಹೊಲಿದಿರಿ. ಅಂದರೆ 21 ಮೀಟರ್. ವರ್ಷಕ್ಕೆ 7 ಮೀಟರ್. 85 ಮೀಟರ್ ನಿಜವಾಗಿಯೂ ಇದ್ದರೆ, ಇದೇ ವೇಗದಲ್ಲಿ ಅದು 12 ವರ್ಷದ ಬಟ್ಟೆ. ಇದನ್ನು ಓದಿ ಬೇಸರ ಮಾಡಿಕೊಳ್ಳಬೇಡಿ. ಕೈ ಪಳಗಿದಂತೆ ವೇಗ ಏರುತ್ತದೆ. ಮುಂದಿನ ಮೂರು ವರ್ಷದಲ್ಲಿ ನೀವು ಇದರ ಎರಡರಷ್ಟು ಹೊಲಿಯಬಹುದು. ಆಗಲೂ ಅದು 6 ವರ್ಷಕ್ಕೆ ಸಾಕು.

"ಅಂದಾಜು 85" ಎಂದು ಬರೆದಿದ್ದೀರಿ. ಎಲ್ಲವನ್ನೂ ಬಿಚ್ಚಿ ಅಳೆಯುವುದು ಬೇಡ. ಒಂದೇ ನಮೂನೆಯ ಬಟ್ಟೆಯಲ್ಲಿ ಸರಿಯಾಗಿ 1 ಮೀಟರ್ ತೆಗೆದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ನನ್ನ ಹತ್ತಿರ ಇರುವ ಕೇಂಬ್ರಿಕ್ ಮೀಟರಿಗೆ 120 ಗ್ರಾಂ ಆಸುಪಾಸು ಬರುತ್ತದೆ. ಆಮೇಲೆ ಅದೇ ನಮೂನೆಯ ಇಡೀ ಗಂಟನ್ನು, ಪ್ರಯಾಣದ ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿಗೆ ನೇತುಹಾಕಿ. ಗಂಟಿನ ತೂಕವನ್ನು ಮೀಟರಿನ ತೂಕದಿಂದ ಭಾಗಿಸಿದರೆ ಮುಗಿಯಿತು. ಅರ್ಧ ಗಂಟೆಯ ಕೆಲಸ. ನನ್ನ ತರಗತಿಯಲ್ಲಿ ಇದನ್ನು ಮಾಡಿದವರಲ್ಲಿ ಬಹಳ ಜನರಿಗೆ ತಾವು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಸಿಕ್ಕಿದೆ.

ಈಗ ನಿಮ್ಮ ಮೂರು ಕೆಲಸ. ಮಕ್ಕಳದ್ದು 36ಕ್ಕೆ 44 ಇಂಚು ಸಾಕು. ಒಂದೊಂದಕ್ಕೂ 99 ಚೌಕ, ಅಂದರೆ ಮೂರು ಅರ್ಧ ಮೀಟರ್. ಹಿಂಬದಿಗೆ ಒಂದೂಕಾಲು ಮೀಟರ್, ಒಂದೇ ಪನ್ನಾದಲ್ಲಿ ಆಗುತ್ತದೆ, ನಡುವೆ ಕೂಡು ಹೊಲಿಗೆ ಬೇಡ. ಮಗಳ ಡಬಲ್ ಮಂಚಕ್ಕೆ 80ಕ್ಕೆ 100 ಇಂಚು ಇಟ್ಟುಕೊಳ್ಳಿ. 500 ಚೌಕ, 14 ಅರ್ಧ ಮೀಟರ್, ಅಂದರೆ 7 ಮೀಟರ್. ಮೂರಕ್ಕೂ ಸುತ್ತಿನ ಪಟ್ಟಿ ಸೇರಿಸಿದರೂ 14 ಮೀಟರ್ ದಾಟುವುದಿಲ್ಲ.

ಡಬಲ್ ಮಂಚದ ಹಿಂಬದಿಯನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಬೇಕೆಂದೇ ಬಿಟ್ಟೆ. ಅದು ಅಮ್ಮನ ಸೀರೆಯಿಂದ ಬರಬೇಕು. ಸೀರೆ ಐದೂವರೆ ಮೀಟರ್, ಅಂದರೆ 216 ಇಂಚು. ನಡುವೆ ಒಂದೇ ಒಂದು ಸಲ ಕತ್ತರಿಸಿ, ಎರಡು ತುಂಡನ್ನು ಪಕ್ಕಪಕ್ಕ ಕೂಡಿಸಿ ನೋಡಿ. 108 ಇಂಚು ಉದ್ದ, 87 ಇಂಚು ಅಗಲದ ಬಟ್ಟೆ ಸಿಗುತ್ತದೆ. 80ಕ್ಕೆ 100ರ ಕ್ವಿಲ್ಟಿಗೆ ಸುತ್ತಲೂ ಮೂರ್ನಾಲ್ಕು ಇಂಚು ಬಿಟ್ಟು ಸರಿಯಾಗಿ ಕೂರುತ್ತದೆ. ಒಂದು ಸೀರೆಗೆ ಒಂದು ಕೌದಿ ಅನ್ನುವ ಲೆಕ್ಕವನ್ನು ಹಳೆಯ ಕಾಲದ ಅಜ್ಜಿಯರು ಬಾಯಿಲೆಕ್ಕದಲ್ಲೇ ಮಾಡುತ್ತಿದ್ದರು. ನಿಮ್ಮ ಹತ್ತಿರ ಅಂಥವು 14 ಇವೆ. ಹಿಂಬದಿಯ ಬಟ್ಟೆಯನ್ನು ನೀವು ಇನ್ನು ಕೊಳ್ಳಲೇಬೇಕಾಗಿಲ್ಲ.

ಹಾಗಾದರೆ ಹೊಲಿಯಲು ಕೂತಾಗ ಬಟ್ಟೆ ಯಾಕೆ ಸಾಲುವುದಿಲ್ಲ? ಇದೇ ಮುಖ್ಯ ವಿಷಯ. ಒಂದು ಪ್ರಯೋಗ ಮಾಡಿ. ಇರುವ ಬಟ್ಟೆಗಳ ಒಂದೊಂದು ಮಡಿಕೆಯ ಅಂಚು ಕಾಣುವಂತೆ ನೆಲದ ಮೇಲೆ ಸಾಲಾಗಿ ಇಡಿ. ಫೋನಿನಲ್ಲಿ ಫೋಟೋ ತೆಗೆದು ಅದನ್ನು ಕಪ್ಪುಬಿಳುಪು ಮಾಡಿ. ಕೆಂಪು, ಹಸಿರು, ಸಾಸಿವೆ, ನೀಲಿ ಅಂತ ಬೇರೆ ಬೇರೆ ಕಾಣುತ್ತಿದ್ದವೆಲ್ಲ ಒಂದೇ ಬೂದು ಬಣ್ಣಕ್ಕೆ ತಿರುಗಿಬಿಡುತ್ತವೆ. ಅಂಗಡಿಯಲ್ಲಿ ನಮ್ಮ ಕಣ್ಣು ಸೆಳೆಯುವುದು ಈ ನಡುಬಣ್ಣದ ಪ್ರಿಂಟುಗಳೇ. ತೀರಾ ತಿಳಿ ಬಣ್ಣ ಸಪ್ಪೆ ಅನಿಸುತ್ತದೆ, ತೀರಾ ಗಾಢ ಬಣ್ಣ ಮಂಕು ಅನಿಸುತ್ತದೆ. ಎರಡನ್ನೂ ಬಿಟ್ಟು ಬರುತ್ತೇವೆ. ಹೊಲಿಯಲು ಕೂತಾಗ ಪ್ರಿಂಟಿನ ಪಕ್ಕ ಪ್ರಿಂಟು ಇಟ್ಟರೆ ಯಾವುದೂ ಎದ್ದು ಕಾಣುವುದಿಲ್ಲ. "ಏನೋ ಸರಿ ಹೋಗ್ತಿಲ್ಲ" ಅನಿಸುತ್ತದೆ. ಆಗ ಮತ್ತೆ ಅಂಗಡಿಗೆ ಹೋಗುತ್ತೇವೆ, ಮತ್ತೆ ಒಂದು ನಡುಬಣ್ಣದ ಪ್ರಿಂಟೇ ಕೈಗೆ ಬರುತ್ತದೆ.

ನಿಮ್ಮ ಕಪಾಟಿನಲ್ಲೂ ಇದೇ ಆಗಿದೆ ಎಂದು ನನ್ನ ಊಹೆ. ಅದಕ್ಕೇ ಮೊದಲೇ 4 ಮೀಟರ್ ಎಂದೆ. ಕೆನೆ ಬಣ್ಣದ್ದೋ ಕೋರಾ ಬಿಳಿಯದೋ ಸಾದಾ ಕೇಂಬ್ರಿಕ್ 4 ಮೀಟರ್ ತನ್ನಿ. ಮಗಳ ಕ್ವಿಲ್ಟಿನಲ್ಲಿ ಒಂದು ಚೌಕ ಸಾದಾ, ಒಂದು ಚೌಕ ಪ್ರಿಂಟು ಅಂತ ಬಿಟ್ಟು ಬಿಟ್ಟು ಜೋಡಿಸಿ. ಸಾದಾ ಚೌಕ 250 ಬೇಕು. ಲೆಕ್ಕಕ್ಕೆ ಮೂರೂವರೆ ಮೀಟರ್ ಸಾಕು. ಅರ್ಧ ಮೀಟರ್ ತಪ್ಪಿಗೆ ಇರಲಿ. ಆ ಬಿಳುಪಿನ ಪಕ್ಕದಲ್ಲಿ ನೀವು ಇಷ್ಟಪಟ್ಟು ತಂದ ಪ್ರತಿಯೊಂದು ಪ್ರಿಂಟೂ ಬೆಳಗುತ್ತದೆ.

ಈ 4 ಮೀಟರನ್ನು ಒಂದೇ ಸಲ, ಒಂದೇ ಥಾನಿನಿಂದ ಕತ್ತರಿಸಿಕೊಳ್ಳಿ. "ಸಾಲದಿದ್ದರೆ ಆಮೇಲೆ ತಂದರಾಯ್ತು" ಅನ್ನುವುದು ನಡೆಯುವುದಿಲ್ಲ. ಬಣ್ಣ ಹಾಕುವುದು ಗುಂಪು ಗುಂಪಾಗಿ. ಈ ಸಲದ ಗುಂಪಿಗೂ ಮುಂದಿನದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದೆ, ಗಿಡದ ಬಣ್ಣ ಹಾಕಿದ ಬಟ್ಟೆಯಲ್ಲಂತೂ ಇನ್ನೂ ಜಾಸ್ತಿ. ನನ್ನ ವಿದ್ಯಾರ್ಥಿನಿಯೊಬ್ಬರಿಗೆ ಕಡೆಯ ಎರಡು ಸಾಲಿಗೆ ನೀಲಿ ಬಟ್ಟೆ ಸಾಲದೆ ಹೋಯಿತು. ಅದೇ ಅಂಗಡಿ, ಅದೇ ನಂಬರು, ಎರಡು ತಿಂಗಳ ಅಂತರ. ತಂದು ಪಕ್ಕಕ್ಕಿಟ್ಟಾಗ ಅದು ಬೇರೆಯೇ ನೀಲಿ. ಎಂಟು ಸಾಲು ಬಿಚ್ಚಿ, ಎರಡೂ ನೀಲಿಯನ್ನು ಬೆರೆಸಿ ಮತ್ತೆ ಹೊಲಿದರು.

ಅಂದರೆ "ಮತ್ತೆ ಸಿಗಲ್ಲ" ಎಂಬ ನಿಮ್ಮ ಹೆದರಿಕೆ ಅರ್ಧ ನಿಜ. ಇಡೀ ಕ್ವಿಲ್ಟಿನಲ್ಲಿ ಹರಡಿಕೊಳ್ಳುವ ನೆಲದ ಬಣ್ಣದ ವಿಷಯದಲ್ಲಿ ಅದು ಪೂರ್ತಿ ನಿಜ. ಹತ್ತು ಪ್ರಿಂಟುಗಳ ನಡುವೆ ಹತ್ತನೆಯದಾಗಿ ಬರುವ ಹೂವಿನ ಪ್ರಿಂಟಿಗೆ ಅದು ಅನ್ವಯಿಸುವುದಿಲ್ಲ. ಅದು ಹೋದರೆ ಅದರಂಥದ್ದು ಇನ್ನೊಂದು ಬರುತ್ತದೆ, ಕ್ವಿಲ್ಟಿಗೆ ಏನೂ ಕಮ್ಮಿ ಆಗುವುದಿಲ್ಲ. ಹಾಗಾಗಿ ಯಾವ ಕೆಲಸಕ್ಕೆ ಅಂತ ಗೊತ್ತಿಲ್ಲದ ಪ್ರಿಂಟನ್ನು ಅರ್ಧ ಮೀಟರಿಗಿಂತ ಹೆಚ್ಚು ಕೊಳ್ಳಬೇಡಿ. ಒಂದೇ ಒಂದು ಕಡೆ ಇದಕ್ಕೆ ವಿನಾಯಿತಿ ಇದೆ. ಕ್ವಿಲ್ಟಿನ ಸುತ್ತ ಅಗಲವಾದ ಅಂಚು ಕೊಡುವ ಮನಸ್ಸಿದ್ದರೆ, ಅದನ್ನು ಹಾಸಿನ ಎಳೆಯ (ಥಾನಿನ ಉದ್ದಕ್ಕೆ ಓಡುವ ಎಳೆ) ಉದ್ದಕ್ಕೆ, ಜೋಡಣೆ ಇಲ್ಲದೆ ಕತ್ತರಿಸಬೇಕು. ಆಗ ಅಂಚು ಜಗ್ಗುವುದಿಲ್ಲ, ಅಲೆಅಲೆ ಆಗುವುದಿಲ್ಲ. 90 ಇಂಚಿನ ಅಂಚಿಗೆ ಎರಡೂವರೆ ಮೀಟರ್ ಒಂದೇ ತುಂಡು ಬೇಕೇ ಬೇಕು.

ಚೌಕದ ಅಳತೆಯ ಬಗ್ಗೆ ಒಂದು ಮಾತು. ಸಣ್ಣ ತುಂಡು ಹಾಕಿದರೆ ಬಟ್ಟೆ ಕಡಿಮೆ ಸಾಕು ಅಂತ ಬಹಳ ಜನ ತಿಳಿದಿದ್ದಾರೆ. ಆಗುವುದು ಉಲ್ಟಾ. ಹೊಲಿಗೆಯೊಳಗೆ ಹೋಗುವ ಕಾಲು ಇಂಚು ಸಣ್ಣ ತುಂಡಿಗೂ ಅಷ್ಟೇ, ದೊಡ್ಡ ತುಂಡಿಗೂ ಅಷ್ಟೇ. 9 ಇಂಚಿನ ಚೌಕಕ್ಕೆ ನೂರಕ್ಕೆ 11ರಷ್ಟು ಬಟ್ಟೆ ಹೊಲಿಗೆಗೆ ಹೆಚ್ಚು ಬೇಕು. 4 ಇಂಚಿಗೆ 27. 2 ಇಂಚಿಗೆ ಇಳಿದರೆ 56! ಅರ್ಧಕ್ಕಿಂತ ಜಾಸ್ತಿ. ಕಟ್‌ಪೀಸ್ ಉಳಿದಿದ್ದರೆ ಸಣ್ಣ ಚೌಕ ಮಾಡುವುದು ಜಾಣತನ. ಹೊಸ ಬಟ್ಟೆ ಕೊಂಡು 2 ಇಂಚಿಗೆ ಕತ್ತರಿಸುವ ಮೊದಲು ಈ ಲೆಕ್ಕ ನೆನಪಿರಲಿ.

ಇನ್ನು ಬಟ್ಟೆ ಹಾಳಾಗುವ ಮಾತು. ಹೌದು, ಹಾಳಾಗುತ್ತದೆ. ಹತ್ತಿ ತನ್ನಷ್ಟಕ್ಕೆ ತಾನು ಹಲವು ವರ್ಷ ಚೆನ್ನಾಗಿಯೇ ಇರುತ್ತದೆ. ಹಾಳು ಮಾಡುವುದು ತೇವ, ಗಂಜಿ, ಬಿಸಿಲು. ಸಾಗರದ ಮಳೆಗಾಲದಲ್ಲಿ ಗಾಳಿಯೇ ಒದ್ದೆ. ಅಂಗಡಿಯಿಂದ ಬಂದ ಬಟ್ಟೆಗೆ ಗಂಜಿ ಇರುತ್ತದೆ. ಬೂಷ್ಟಿಗೂ, ಬೆಳ್ಳಗೆ ಮಿಂಚುವ ಆ ಸಣ್ಣ ಹುಳಕ್ಕೂ ಅದೇ ಊಟ. ಒಗೆಯದ ಹೊಸ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಬ್ಬಿಣದ ಕಪಾಟಿನಲ್ಲಿ ಇಟ್ಟರೆ ಮುಗ್ಗಲು ವಾಸನೆ ಬಂದೇ ಬರುತ್ತದೆ. ತಂದ ವಾರವೇ ಒಗೆದು ಗಂಜಿ ತೆಗೆಯಿರಿ. ಚೆನ್ನಾಗಿ ಒಣಗಿಸಿ. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಡಿ. ಕಪಾಟಿನ ತಗಡಿಗೆ ಬಟ್ಟೆ ತಾಗದಂತೆ ಕೆಳಗೂ ಒಂದು ಬಟ್ಟೆ ಹಾಸಿ, ತುಕ್ಕಿನ ಕಲೆ ಬಿದ್ದರೆ ಹೋಗಿಸುವುದು ಕಷ್ಟ. ಮಳೆ ಹೊಳವಾದ ದಿನ ಎಲ್ಲವನ್ನೂ ನೆರಳಲ್ಲಿ ಹರಡಿ, ಮಡಿಕೆ ಬದಲಿಸಿ ಇಡಿ. ಒಣಗಿದ ಬೇವಿನ ಸೊಪ್ಪು ಇಟ್ಟರೆ ಒಳ್ಳೆಯದೇ. ಆದರೆ ಮೊಮ್ಮಕ್ಕಳಿಗೆ ಹೊಲಿಯುವ ಬಟ್ಟೆಯ ಹತ್ತಿರ ನುಸಿಗುಳಿಗೆ ಬೇಡವೇ ಬೇಡ. ಅದರ ವಾಸನೆ ಎಳೆಮಕ್ಕಳ ರಕ್ತಕ್ಕೆ ಅಪಾಯ ಮಾಡಬಲ್ಲದು.

ಒಗೆಯುವಾಗಲೇ ಬಣ್ಣ ಬಿಡುವ ಬಟ್ಟೆಯೂ ಗೊತ್ತಾಗುತ್ತದೆ. ಕೆಂಪು, ಕಡುನೀಲಿ, ದಾಳಿಂಬೆ ಬಣ್ಣಗಳ ಮೇಲೆ ಕಣ್ಣಿಡಿ. ಒದ್ದೆ ಬಿಳಿ ಬಟ್ಟೆಯನ್ನು ಮೇಲೆ ಇಟ್ಟು ಒತ್ತಿದರೆ ಸಾಕು, ನಿಜ ಹೊರಬರುತ್ತದೆ. ಉಪ್ಪು, ವಿನಿಗರ್ ಹಾಕಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎನ್ನುವುದನ್ನು ನಾನೂ ಮೊದಲು ನಂಬಿದ್ದೆ, ಕಲಿಸಿಯೂ ಇದ್ದೆ. ಬಣ್ಣ ಹಾಕುವ ಹೊತ್ತಿನಲ್ಲಿ ಉಪ್ಪಿಗೆ ಕೆಲಸ ಇದೆ, ನಿಜ. ಬಣ್ಣ ಹಾಕಿ ಮುಗಿದ ಹತ್ತಿ ಬಟ್ಟೆಯನ್ನು ಮನೆಯಲ್ಲಿ ಉಪ್ಪುನೀರಲ್ಲಿ ಅದ್ದಿದರೆ ಏನೂ ಆಗುವುದಿಲ್ಲ. ನೀರು ತಿಳಿಯಾಗುವ ತನಕ ಮತ್ತೆ ಮತ್ತೆ ಒಗೆಯುವುದೇ ದಾರಿ. ನಾಲ್ಕೈದು ಸಲ ಒಗೆದರೂ ನಿಲ್ಲದಿದ್ದರೆ ಅದನ್ನು ಬಿಳಿಯ ಪಕ್ಕ ಇಡಬೇಡಿ.

ಹೊಸ 4 ಮೀಟರ್ ಸೇರಿ 89 ಮೀಟರಿನಲ್ಲಿ 14 ಹೋದರೆ 75 ಉಳಿಯುತ್ತದೆ. ಅದನ್ನೇನು ಮಾಡುವುದು?

ಕೆಲವರು ಒಂದು ವರ್ಷ ಒಂದು ಮೀಟರೂ ಕೊಳ್ಳುವುದಿಲ್ಲ ಅಂತ ಶಪಥ ಮಾಡುತ್ತಾರೆ. ನಾನು ಅದನ್ನು ಹೇಳುವುದಿಲ್ಲ. ಯಾಕೆಂದರೆ ಬೇಕಾದ ಒಂದು ತಿಳಿ ಬಣ್ಣ ಇಲ್ಲದೆ ಕೆಲಸ ನಿಲ್ಲುತ್ತದೆ, ಆಮೇಲೆ ವರ್ಷ ಮುಗಿದ ದಿನ ಒಟ್ಟಿಗೆ 20 ಮೀಟರ್ ಮನೆಗೆ ಬರುತ್ತದೆ. ಇದನ್ನು ಕಣ್ಣಾರೆ ನೋಡಿದ್ದೇನೆ. ಮೂರು ಮೀಟರ್ ಹೊಲಿದು ಮುಗಿಸಿದರೆ ಒಂದು ಮೀಟರ್ ಕೊಳ್ಳಬಹುದು ಅನ್ನುವ ಕಟ್ಟು ಹೆಚ್ಚು ಕಾಲ ಬಾಳುತ್ತದೆ. ಅದರಲ್ಲೂ ಒಂದು ತೊಂದರೆ ಇದೆ. ಕೊಳ್ಳುವ ಆಸೆಗೆ ಅವಸರದಲ್ಲಿ ಹೊಲಿಯಬಾರದು. ಮೂಲೆ ಕೂಡದ ಚೌಕ ಮುಂದೆ ನಿಮ್ಮ ಕಣ್ಣಿಗೇ ಚುಚ್ಚುತ್ತಿರುತ್ತದೆ.

ಇನ್ನೊಂದು ದಾರಿ ಕೊಟ್ಟುಬಿಡುವುದು. ನಿಮಗೆ ಈಗ ಇಷ್ಟವಿಲ್ಲದ ಬಟ್ಟೆ 15, 20 ಮೀಟರಾದರೂ ಇರುತ್ತದೆ. ಅದನ್ನು ಒಂದು ಪೆಟ್ಟಿಗೆಗೆ ಹಾಕಿ ಆರು ತಿಂಗಳು ಪಕ್ಕಕ್ಕಿಡಿ. ಆ ಆರು ತಿಂಗಳಲ್ಲಿ ಯಾವುದನ್ನೂ ಹುಡುಕಿಕೊಂಡು ಹೋಗದಿದ್ದರೆ ಹೊಲಿಗೆ ಕಲಿಯುವ ಹುಡುಗಿಯರಿಗೆ ಕೊಡಿ. ಅವಸರದಲ್ಲಿ ಕೊಟ್ಟು ಆಮೇಲೆ ಮರುಗಿದವರಿದ್ದಾರೆ, ಅದಕ್ಕೇ ಆರು ತಿಂಗಳು ಎಂದೆ. ಕೂಲಿಗೆ ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳು ನಮ್ಮ ಕಡೆ ಈಗಲೂ ಇದ್ದಾರೆ. ನಿಮ್ಮ ಬಟ್ಟೆ ಕೊಟ್ಟು ಅವರಿಂದ ಒಂದೆರಡು ಹೊಲಿಸಿಕೊಳ್ಳಬಹುದು. ಕೈಹೊಲಿಗೆಯ ಕೌದಿಗೆ ಅನೇಕ ದಿನ ಹಿಡಿಯುತ್ತದೆ, ದಿನಗೂಲಿಯ ಲೆಕ್ಕದಲ್ಲಿ ಹಣ ಕೊಡಿ, ಚೌಕಾಸಿ ಮಾಡಬೇಡಿ. ಬಣ್ಣದ ಜೋಡಣೆ ಮಾತ್ರ ಅವರ ಮನಸ್ಸಿನಂತೆ ಬರುತ್ತದೆ. ಅದನ್ನು ಒಪ್ಪುವುದಾದರೆ ಕೊಡಿ.

ಈ ದಾರಿಗಳಲ್ಲಿ ನಿಮಗೆ ನಾನು ಹೇಳುವುದು ಮೂರು ಮೀಟರ್ ಹೊಲಿದರೆ ಒಂದು ಕೊಳ್ಳುವ ಕಟ್ಟು, ಪೆಟ್ಟಿಗೆಯ ದಾರಿಯ ಜೊತೆಗೆ. ಮುಂದಿನ ಎರಡು ವರ್ಷ ಹೊಲಿಯುವಷ್ಟು, ಅಂದರೆ ಹಮ್ಮಿಕೊಂಡ ಕೆಲಸದ ಮೇಲೆ 15 ಮೀಟರ್ ಕೈಯಲ್ಲಿದ್ದರೆ ನಿಮ್ಮಂಥವರಿಗೆ ಅದು ತುಂಬಿದ ಕಪಾಟು. ಅದರಲ್ಲಿ ಮೂರರಲ್ಲಿ ಒಂದು ಪಾಲು ತಿಳಿ, ಒಂದು ಪಾಲು ನಡುವಿನದು, ಒಂದು ಪಾಲು ಗಾಢ ಇರಲಿ. ಸೊಸೆ ಕೇಳಿದ್ದಕ್ಕೆ ಆಗ ಉತ್ತರ ನಿಮ್ಮ ಹತ್ತಿರ ತಾರೀಖಿನ ಸಮೇತ ಇರುತ್ತದೆ.

ಕಡೆಗೆ ಅಮ್ಮನ ಸೀರೆ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಹೊಸ ಬಟ್ಟೆ ಕೊಳ್ಳುತ್ತಾ ಹೋದದ್ದಕ್ಕೂ ಈ ಸೀರೆಗಳಿಗೂ ಸಂಬಂಧ ಇದೆ ಅನಿಸಿತು. ಹೊಲಿಯಬೇಕು ಅನಿಸಿದ್ದು ಬಹುಶಃ ಅವನ್ನೇ. ಕತ್ತರಿ ಹಾಕಲು ಆಗದೆ, ಅದರ ಬದಲು ಬೇರೆ ಬಟ್ಟೆ ಬರುತ್ತಾ ಹೋಯಿತು. ನನ್ನ ಊಹೆ ತಪ್ಪಿದ್ದರೆ ಕ್ಷಮಿಸಿ. ನನ್ನ ತಾಯಿ ಹೋದ ಮೇಲೆ ನಾಲ್ಕು ವರ್ಷ ನಾನು ಅವರ ಟ್ರಂಕ್ ತೆಗೆದಿರಲಿಲ್ಲ.

14ನ್ನೂ ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಎಳೆ ತೆಳುವಾದ ಕಡೆ ಬೆಳಕು ಜಾಸ್ತಿ ಬರುತ್ತದೆ. ಎರಡೂ ಕೈಯಲ್ಲಿ ಹಿಡಿದು ಅಡ್ಡಕ್ಕೆ, ಉದ್ದಕ್ಕೆ ಮೆಲ್ಲಗೆ ಜಗ್ಗಿ. ಪರ್ ಅಂತ ಸದ್ದು ಬಂದರೆ ಅದನ್ನು ಹಿಂಬದಿಗೆ ಹಾಕಬೇಡಿ, ಹೊಲಿಗೆಯ ಗುಂಟ ಹರಿದುಹೋಗುತ್ತದೆ. ಅಂಥವನ್ನು ಕೌದಿಯ ಒಳಪದರಕ್ಕೆ ಹಾಸಿ. ಅಲ್ಲಿ ಅವಕ್ಕೆ ಜಗ್ಗಾಟ ಇಲ್ಲ, ಮೆತ್ತಗೆ ಬೆಚ್ಚಗೆ ಇರುತ್ತವೆ. ಪಾಲಿಯೆಸ್ಟರ್ ಬೆರೆತ ಸೀರೆ ಏನಾದರೂ ಸೇರಿಕೊಂಡಿದ್ದರೆ ಬೇರೆ ಇಡಿ. ಅದು ಹತ್ತಿಯ ಜೊತೆ ಕುಗ್ಗುವುದಿಲ್ಲ, ಬಿಸಿ ಇಸ್ತ್ರಿಗೆ ಸುಡುತ್ತದೆ.

ಗಟ್ಟಿ ಉಳಿದವುಗಳಲ್ಲಿ ಎಲ್ಲಕ್ಕಿಂತ ಮೆತ್ತಗಿರುವುದನ್ನು ಮೊಮ್ಮಗನಿಗೆ ಆರಿಸಿಕೊಳ್ಳಿ. ಅದಕ್ಕೆ ಕತ್ತರಿಯೇ ಬೇಡ. ಸೆರಗಿನ ಎದುರು ತುದಿಯಿಂದ ಶುರು ಮಾಡಿ, ಚಾಪೆಯ ಮೇಲೆ 36 ಇಂಚಿಗೊಮ್ಮೆ ಹಿಂದೆ ಮುಂದೆ ಮಡಚುತ್ತಾ ಬನ್ನಿ. 216 ಇಂಚಿನ ಸೀರೆ ಸರಿಯಾಗಿ ಆರು ಪದರ ಆಗುತ್ತದೆ. 36 ಇಂಚಿಗೆ 44 ಇಂಚು, ಮಗುವಿನ ಕೌದಿಯ ಅಳತೆ. ಸುಕ್ಕು ತೆಗೆದು, ಸುತ್ತಲೂ ಕಚ್ಚಾ ಹೊಲಿಗೆ ಹಾಕಿ. ಆಮೇಲೆ ಅಂಚಿನಿಂದ ಒಳಗೆ, ಬೆರಳಗಲ ಬಿಟ್ಟು ಬಿಟ್ಟು, ದಪ್ಪ ಹತ್ತಿ ದಾರದಲ್ಲಿ ಸಾಲು ಹೊಲಿಗೆ ಹೊಲಿಯಿರಿ. ಒಮ್ಮೆಗೆ ಮೂರು ನಾಲ್ಕು ಟಾಕಿಗಿಂತ ಜಾಸ್ತಿ ಸೂಜಿಗೆ ತೆಗೆದುಕೊಳ್ಳಬೇಡಿ, ಆರು ಪದರ ಬೆರಳಿಗೆ ಭಾರ. ಐದು ತಿಂಗಳ ಕೂಸಿಗೆ ಅದನ್ನು ಹೊದಿಸುವುದು ಬೇಡ. ಎಚ್ಚರ ಇರುವಾಗ ನೆಲದ ಮೇಲೆ ಕೆಳಗೆ ಹಾಸಿ, ಅದರ ಮೇಲೆ ಮಗು ಹೊರಳಾಡಲಿ. ಈಗ ಹೇಳಿದಂತೆ ಮಡಚಿದರೆ ಕಡೆಯ ಪದರವಾಗಿ ಮೇಲೆ ಬರುವುದು ನಿಮ್ಮ ಅಮ್ಮನ ಸೆರಗು.